ಮುನಿಗಳು ಉಪವಾಸ ಹೋದ ದಿನ

ರಾಯಬಾಗ
9 ಜೂನ್ 2025

ಅಕ್ಕಾ, ಅಕ್ಕಾ, ಅಕ್ಕಾ!

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಇವತ್ತಿಗೆ ಮೂವತ್ತೆಂಟು ದಿನ. ಅದಕ್ಕೇ ಪೋಸ್ಟ್ ಆಫೀಸಿಗೆ ಹೋಗಿ ಕವರ್ ತಂದೆ. ಪೋಸ್ಟ್‌ಮನ್‌ನನ್ನು ಹೇಗೆ ಬ್ಲಾಕ್ ಮಾಡುತ್ತೀಯೋ ನೋಡಿಯೇ ಬಿಡೋಣ! ನಾನು ಇಂಗ್ಲಿಷ್ ಶಾಲೆಯವಳು, ಒತ್ತಕ್ಷರ ತಪ್ಪಿದ್ದರೆ ನಗು. ನೀನು ನಕ್ಕರೆ ನನಗೆ ಅಷ್ಟೇ ಸಾಕು.

ಮದುವೆಯಾದ ಮೇಲೆ ಬದುಕು ಇಷ್ಟು ಚೆಂದ ಇರುತ್ತದೆ ಎಂದು ನೀನು ಯಾಕೆ ಒಂದು ದಿನವೂ ಹೇಳಲಿಲ್ಲ? ಸಂದೇಶನ ಡ್ರಿಪ್ ಪೈಪಿನ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ. ದಿನಕ್ಕೆ ಮೂರು ಸಲ ಏನಾದರೊಂದು ನೆವ ಮಾಡಿ ಮನೆಗೆ ಬರುತ್ತಾನೆ. ಕನ್ನಡಕ ಮರೆತೆ, ಪೆನ್ನು ಮರೆತೆ, ನೀರು ಕುಡಿಯುವುದು ಮರೆತೆ! ನಿನ್ನೆ ನಾನು ಮಾಡಿದ ರೊಟ್ಟಿ ಎತ್ತಿ ಹಿಡಿದು, "ಇದ ಯಾವ ತಾಲೂಕಿನ ನಕಾಶಿ? ಕಾಗವಾಡೋ, ಅಥಣಿಯೋ?" ಎಂದ. ಅತ್ತೆ ಒಲೆಯ ಮುಂದಿನಿಂದಲೇ, "ಸುಮ್ನ ತಿನ್ನಲೇ. ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದ ಜಿಲ್ಲಾ" ಎಂದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಹೇಳು!

ಇನ್ನೂ ಆ ವಿಡಿಯೋದ ಸಿಟ್ಟೇ? ಅರಿಶಿನದ ದಿನ ಎಲ್ಲರೂ ಕುಣಿಯುತ್ತಿದ್ದರೆ ನೀನು ಮಂಗಲ ಕಾರ್ಯಾಲಯದ ಹಿಂದಿನ ಕೋಣೆಯಲ್ಲಿ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿದ್ದೆ. ನಾನು ಬಾಗಿಲ ಸಂದಿಯಿಂದ ವಿಡಿಯೋ ಹಿಡಿದು, "ನಮ್ಮ ಮನೆಯ ಹೀರೋಯಿನ್ ವಿಶ್ರಾಂತಿಯಲ್ಲಿದ್ದಾರೆ" ಎಂದು ಬರೆದು ಮನೆಯವರ ಗ್ರೂಪಿಗೆ ಹಾಕಿದೆ. ನಲವತ್ತೊಂದು ಜನ ನಕ್ಕರು. ತಮಾಷೆ ಅಕ್ಕಾ, ತಮಾಷೆ!

ಅವ್ವ ಹೇಳಿದಳು, ನೀನು ಗರ್ಭಚೀಲ ತೆಗೆಸುತ್ತೀಯಂತೆ. ಒಳ್ಳೆಯದೇ ಆಯಿತು. ಹೇಗೂ ಒಂದು ಮಗಳಿದ್ದಾಳೆ. ಮೂವತ್ತೊಂದನೇ ವರ್ಷಕ್ಕೇ ಈ ತಿಂಗಳ ರಗಳೆಯಿಂದ ರಿಟೈರ್ಮೆಂಟ್! ಲಕ್ಕಿ ನೀನು.

ಬೇಗ ಅನ್‌ಬ್ಲಾಕ್ ಮಾಡು. ಮುತ್ತು, ಮುತ್ತು, ಮುತ್ತು.

ನಿನ್ನ ಹೊಚ್ಚಹೊಸ ಮದುಮಗಳು,
ಸ್ನೇಹಲ


ಶೇಡಬಾಳ
20 ಜೂನ್ 2025

ಸ್ನೇಹಲ,

ಕವರಿನ ಮೇಲೆ ಹೃದಯದ ಚಿತ್ರ ಬಿಡಿಸಬೇಡ. ಪೋಸ್ಟ್‌ಮನ್ ಜಕ್ಕಪ್ಪ ಅಂಗಳದಲ್ಲಿ ನಿಂತು, "ಯಾರದ್ರಿ ವೈನಿ, ಇಷ್ಟ ಪ್ರೀತಿ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಲಕ್ಕಿ ಎಂದೆಯಲ್ಲ, ಕೇಳು. ಹದಿನೇಳನೇ ವರ್ಷದಲ್ಲಿ ನಿಪ್ಪಾಣಿಯಲ್ಲಿ ಅಪೆಂಡಿಕ್ಸ್ ತೆಗೆದರು. ನೋವು ಇದ್ದಲ್ಲೇ ಇತ್ತು. ಮದುವೆಯಾದರೆ ಹೋಗುತ್ತದೆ ಎಂದರು. ಆಮೇಲೆ ಹೆರಿಗೆಯಾದರೆ ಹೋಗುತ್ತದೆ ಎಂದರು. ಬಸುರಿಯಿದ್ದಾಗ ಇರಲಿಲ್ಲ, ಮಗು ಮೊಲೆ ಬಿಟ್ಟ ಮೇಲೆ ತಿರುಗಿ ಬಂತು. ಈಗ ಇಲ್ಲಿನ ಡಾಕ್ಟರು ಗರ್ಭಚೀಲ ತೆಗೆದರೆ ಹೋಗುತ್ತದೆ ಎನ್ನುತ್ತಾರೆ. ನನ್ನೊಳಗಿನಿಂದ ಒಂದೊಂದೇ ಸಾಮಾನು ಹೊರಗೆ ಹೋಗುತ್ತಿದೆ. ಅದಕ್ಕೆ ನೀನು ರಿಟೈರ್ಮೆಂಟ್ ಎನ್ನುತ್ತೀಯ.

ಅರಿಶಿನದ ದಿನ ನಾನು ಬೆಳಗಿನಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ನಿನ್ನ ಮದುವೆ ಎಂದು ಯಾರಿಗೂ ಹೇಳಲಿಲ್ಲ. ನಕ್ಕವರು ನಲವತ್ತೊಂದು ಎಂದು ಎಣಿಸಿ ಬರೆದಿದ್ದೀಯ. ಎಣಿಸುವಷ್ಟು ಹೊತ್ತು ನಿನಗಿತ್ತು. ಕೋಣೆಯೊಳಗೆ ಬರುವಷ್ಟು ಇರಲಿಲ್ಲ.

ಮತ್ತೆ ಬರೆಯಬೇಡ.

ತ್ರಿಶಲಾ


ರಾಯಬಾಗ
2 ಜುಲೈ 2025

ಅಕ್ಕಾ,

ಅಬ್ಬಾ, ಎಷ್ಟು ವಿಷ! ನಾನು ಮುತ್ತು ಕಳಿಸಿದರೆ ನೀನು ಚೇಳು ಕಳಿಸಿದೆ.

ಸರಿ, ನನ್ನದೂ ಸ್ವಲ್ಪ ಕೇಳು. ನೋವು ನಿನಗೊಬ್ಬಳಿಗೇ ಇದೆಯೇನು? ನನಗೂ ಪ್ರತಿ ತಿಂಗಳು ನೋಯುತ್ತದೆ. ಮಾತ್ರೆ ನುಂಗಿ ಹೋಗಿ ಪರೀಕ್ಷೆ ಬರೆದವಳು ನಾನು. ಬೋರಗಾಂವದ ತವರುಮನೆಯಲ್ಲಿ ಎಲ್ಲ ಹೆಂಗಸರೂ ನಾಲ್ಕು ದಿನ ಹೊರಗೆ ಕೂತರೆ ನಿನ್ನದು ಮಾತ್ರ ಎಂಟು ದಿನ. ನಿನ್ನ ಪಾಲಿನ ಪಾತ್ರೆ ತಿಕ್ಕಿದವಳು, ನಿನ್ನ ಪಾಲಿನ ನೀರು ಸೇದಿದವಳು ಯಾರು? ನಾನು ಹೋಮ್‌ವರ್ಕ್ ಬಿಟ್ಟು ಎದ್ದಾಗಲೆಲ್ಲ ನಮ್ಮ ಅಜ್ಜಿ, ಅಕ್ಕವ್ವ ಆಯಿ, "ನೀನರೆ ಮಾಡ ಕೂಸ. ಆಕಿ ಸೊಂಟ ಕಾಜಿಂದ ಐತಿ" ಎನ್ನುತ್ತಿದ್ದಳು. ನಮ್ಮ ಮನೆಯ ಮಗ್ಗದ ಸದ್ದಿನಲ್ಲೂ ನಿನ್ನ ನರಳಾಟ ಕೇಳುತ್ತಿತ್ತು. ದೀಪಾವಳಿ, ಪಂಚಮಿ, ನನ್ನ ಹುಟ್ಟಿದ ದಿನ, ಎಲ್ಲದರ ನಡುವೆ ನಿನ್ನ ಹೊಟ್ಟೆ. ಕೊನೆಗೆ ನನ್ನ ಅರಿಶಿನ ಕೂಡ.

ಬೇಡ ಎಂದಿದ್ದೀಯ. ಬರೆಯುವುದಿಲ್ಲ, ಹೋಗು.

ನಿನಗೆ ಬೇಡವಾದ ತಂಗಿ,
ಸ್ನೇಹಲ


ರಾಯಬಾಗ
11 ಆಗಸ್ಟ್ 2025

ಅಕ್ಕಾ,

ಬರೆಯುವುದಿಲ್ಲ ಎಂದಿದ್ದೆ. ಮೂರು ಹಾಳೆ ಹರಿದು ಇದು ನಾಲ್ಕನೆಯದು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇದನ್ನು ಕೇಳಲು ಬೇರೆ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಜೂನ್ ತಿಂಗಳ ಪತ್ರದಲ್ಲಿ ರೊಟ್ಟಿಯ ಮಾತು ನಿಜ. ಸಂದೇಶ ಒಳ್ಳೆಯವನು ಎಂಬುದೂ ನಿಜ. ಉಳಿದದ್ದನ್ನು ನಾನು ಬಣ್ಣ ಹಚ್ಚಿ ಬರೆದೆ.

ಅವನು ಹತ್ತಿರ ಬಂದರೆ ನನಗೆ ನೋಯುತ್ತದೆ. ಹೊಸದರಲ್ಲಿ ಎಲ್ಲರಿಗೂ ಹಾಗೇ ಎಂದು ಗೆಳತಿಯರು ನಕ್ಕರು. ಇದು ಆ ನೋವಲ್ಲ ಅಕ್ಕಾ. ಬಹಳ ಒಳಗೆ, ಬೆನ್ನುಮೂಳೆಯ ಹತ್ತಿರ, ಏನೋ ಹರಿದಂತೆ. ಮರುದಿನವೂ ಕೂರಲು ಆಗುವುದಿಲ್ಲ. ನಾನು ತುಟಿ ಕಚ್ಚಿಕೊಂಡಿರುವುದು ಅವನಿಗೆ ಗೊತ್ತಾಗುತ್ತದೆ. ಎದ್ದು ಹೋಗಿ ಕಿಟಕಿಯ ಹತ್ತಿರ ಕೂತುಬಿಡುತ್ತಾನೆ. ಕಳೆದ ವಾರ, "ನಾ ಏನರೆ ತಪ್ಪ ಮಾಡೇನೇನ? ನನ್ನ ಕಂಡ್ರ ಆಗಾಂಗಿಲ್ಲೇನ ನಿನಗ?" ಎಂದು ಕೇಳಿದ. ನಾನು ನಕ್ಕೆ. ನನಗೆ ಬರುವುದು ಅದೊಂದೇ.

ತಿಂಗಳಿನದೂ ಬದಲಾಗಿದೆ. ಒಂದು ಮಾತ್ರೆ ಸಾಕಾಗುತ್ತಿತ್ತು, ಈಗ ಮೂರು ನುಂಗಿದರೂ ಆಗುವುದಿಲ್ಲ. ಆ ದಿನಗಳಲ್ಲಿ ಕಕ್ಕಸಿಗೆ ಹೋಗಲೂ ಹೆದರಿಕೆ. ಕಣ್ಣು ಕತ್ತಲಾಗುತ್ತದೆ. ಅವ್ವನಿಗೆ ಹೇಳಿದೆ. "ಲಗ್ನ ಆಗಿ ನಾಕ ತಿಂಗಳ ಆಗಿಲ್ಲ, ಈಗ ಸುರು ಹಚ್ಚಬ್ಯಾಡ. ನಿನಗೂ ಆಕಿ ಚಾಳಿ ಬಂತೇನ?" ಎಂದು ಫೋನ್ ಇಟ್ಟಳು.

ನಿನಗೂ ಹೀಗೇ ಆಗುತ್ತಿತ್ತಾ? ಹೌದು ಅಥವಾ ಇಲ್ಲ ಎಂದಷ್ಟೇ ಬರೆ.

ಸ್ನೇಹಲ


ಶೇಡಬಾಳ
19 ಆಗಸ್ಟ್ 2025

ಸ್ನೇಹಲ,

ಹೌದು.

ನೀನು ಕೇಳಿದ್ದು ಅಷ್ಟೇ. ಕೇಳದೆ ಇದ್ದದ್ದನ್ನೂ ಇವತ್ತು ಬರೆದುಬಿಡುತ್ತೇನೆ, ಮತ್ತೆ ಬರೆಯುವ ಕೆಲಸ ಇರುವುದಿಲ್ಲ.

ಇಷ್ಟು ವರ್ಷ ಅದು ಸೋಗು, ಚಾಳಿ, ಗಾಜಿನ ಸೊಂಟ. ನಿನ್ನ ಹೊಟ್ಟೆಗೆ ಬಂದ ಕೂಡಲೇ ಅದು ನೋವಾಯಿತು. ಓದಿದಾಗ ನನಗೆ ಮರುಕ ಬರಲಿಲ್ಲ. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ ಕೂಡ.

ಮುನಿಗಳು ಬಂದ ದಿನ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಹದಿನಾರು. ಬೋರಗಾಂವದ ಬಸದಿಯಲ್ಲಿ ಮುನಿಗಳ ಚಾತುರ್ಮಾಸ. ನಮ್ಮ ಮನೆಯಲ್ಲಿ ಆಹಾರ ಕೊಡುವ ಭಾಗ್ಯ ಸಿಗಲಿ ಎಂದು ಆಯಿ ಹದಿನೈದು ದಿನದಿಂದ ವ್ರತ ಹಿಡಿದಿದ್ದಳು. ಅವರ ಅಂಗೈಗೆ ನೀರು ಎರೆಯುವುದು ನನ್ನ ಪಾಲಿಗೆ ಬಂದಿತ್ತು. ಆ ಒಂದು ವಾರ ನಾನು ಯಾರೊಡನೆಯೂ ಜೋರಾಗಿ ಮಾತು ಕೂಡ ಆಡಿರಲಿಲ್ಲ. ಮಡಿ ಸೀರೆ ಉಟ್ಟು, ಕಲಶ ಹಿಡಿದು, ಬಾಗಿಲಲ್ಲಿ ಎಲ್ಲರೂ "ನಮೋಸ್ತು, ನಮೋಸ್ತು" ಎಂದು ಕರೆಯುತ್ತ ನಿಂತಿದ್ದೆವು. ಮುನಿಗಳು ನಮ್ಮ ಮನೆಯ ಮುಂದೆಯೇ ನಿಂತರು. ಆಗ ಹಿಂದಿನಿಂದ ನೀನು ಕೂಗಿದೆ: "ಅಕ್ಕನ ಸೀರಿಗಿ ಕೆಂಪ ಹತ್ತೇತಿ ನೋಡ್ರಿ!"

ನನಗೆ ಗೊತ್ತಿರಲಿಲ್ಲ. ಒಂದು ವಾರ ಮೊದಲೇ ಬಂದಿತ್ತು. ಆಹಾರಕ್ಕೆ ಅಂತರಾಯವಾಯಿತೆಂದು ಮುನಿಗಳು ತಿರುಗಿ ಹೋದರು. ದಿನಕ್ಕೆ ಒಂದೇ ಹೊತ್ತು ಉಣ್ಣುವವರು ಆ ದಿನ ನೀರು ಕೂಡ ಮುಟ್ಟಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು. ಆಯಿ ನನ್ನನ್ನು ಹೊಡೆಯಲಿಲ್ಲ. "ಮುನಿಗಳನ್ನ ಉಪಾಸ ಕಳಿಸಿದ ಹೊಟ್ಟಿ ಇದು. ಸಾಯೂತನ ಸುಡತೈತಿ" ಎಂದಳು. ಸುಡುತ್ತಲೇ ಇದೆ.

ನೀನು ನನ್ನ ಕಿವಿಯಲ್ಲಿ ಹೇಳಬಹುದಿತ್ತು.

ಸೆಪ್ಟೆಂಬರ್ ಹದಿನೆಂಟಕ್ಕೆ ಆಪರೇಷನ್. ಪಾಪ ಯಾವ ಚೀಲದಲ್ಲಿ ಕೂತಿದೆಯೋ ಅದನ್ನೇ ತೆಗೆಸಿ ಹಾಕುತ್ತೇನೆ. ಇನ್ನು ಬಂದ ಕವರ್ ನಾನು ಒಡೆಯುವುದಿಲ್ಲ.

ತ್ರಿಶಲಾ


ರಾಯಬಾಗ
10 ಸೆಪ್ಟೆಂಬರ್ 2025

ಅಕ್ಕಾ,

ಕವರಿನ ಮೇಲೆ ಕೆಂಪು ಶಾಯಿಯಲ್ಲಿ "ಆಪರೇಷನ್ನಿಗೆ ಮೊದಲು ಓದು" ಎಂದು ಬರೆದಿದ್ದೇನೆ. ಹೃದಯದ ಚಿತ್ರ ಇಲ್ಲ.

ಭಾನುವಾರ ನಾನೂ ಸಂದೇಶನೂ ನಿಮ್ಮ ಮನೆಗೆ ಬಂದಿದ್ದೆವು. ನೀನು ಒಳಕೋಣೆಯ ಬಾಗಿಲು ತೆರೆಯಲಿಲ್ಲ. ನಿನ್ನ ಯಜಮಾನರು ಜಯಪಾಲ ದಾಜಿ ಚಹಾ ಕೊಟ್ಟು, "ಆಕಿ ಹೊರಗ ಬರಾಂಗಿಲ್ಲವಾ. ನಾ ಬಾಗಲಾ ಬಡದ್ರ ನನಗೂ ಊಟ ಇಲ್ಲ" ಎಂದರು. ಆಪರೇಷನ್ ಸ್ವಲ್ಪ ಮುಂದೆ ಹಾಕಿರಿ ಎಂದೆ. "ಡಾಕ್ಟರ ಹೇಳ್ಯಾರ, ಅವ್ವ ಹೇಳ್ಯಾಳ, ಆಕೀನೂ ಹೂಂ ಅಂದಾಳ. ನಾ ನಡುವ ಯಾರ?" ಎಂದರು. ಅದಕ್ಕೇ ಈ ಕಾಗದ.

ನಾನು ಮಿರಜಕ್ಕೆ ಹೋಗಿ ಬಂದೆ. ಸಂದೇಶನಿಗೆ ಎಲ್ಲ ಹೇಳಿದೆ, ಅವನೇ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ಒಂದು ತಾಸು ಕೂರಿಸಿಕೊಂಡು ಕೇಳಿದರು, ಸ್ಕ್ಯಾನ್ ಮಾಡಿಸಿದರು. ಎಡಗಡೆಯ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಗಡ್ಡೆ ಇದೆ. ಈ ಕಾಯಿಲೆಗೆ ಹೆಸರಿದೆ ಅಕ್ಕಾ, ಎಂಡೊಮೆಟ್ರಿಯೋಸಿಸ್. ಗರ್ಭಚೀಲದ ಒಳಗೋಡೆಗೆ ಒಂದು ಪದರ ಇರುತ್ತದಲ್ಲ, ಪ್ರತಿ ತಿಂಗಳು ಕಳಚಿ ಹೋಗುವುದು, ಅದರಂಥದ್ದೇ ಪದರ ಚೀಲದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಚೀಲದ ಹಿಂದೆ. ತಿಂಗಳು ಬಂದಾಗ ಅದೂ ಊದಿಕೊಳ್ಳುತ್ತದೆ, ಅದರಿಂದಲೂ ರಕ್ತ ಬರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಅಲ್ಲೇ ನಿಂತು ಉರಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಯಿ ಸುಡುತ್ತದೆ ಎಂದದ್ದು ಸುಳ್ಳಲ್ಲ. ಕಾರಣ ಮಾತ್ರ ಸುಳ್ಳು.

ಹಾಗಾದರೆ ಕಾರಣ ಏನು ಎಂದು ನಾನೂ ಕೇಳಿದೆ. ಖಡಾಖಂಡಿತವಾಗಿ ಇನ್ನೂ ಯಾರಿಗೂ ಗೊತ್ತಿಲ್ಲ ಎಂದರು. ತಿಂಗಳ ರಕ್ತದಲ್ಲಿ ಸ್ವಲ್ಪ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದಂತೆ. ಆದರೆ ಹಾಗೆ ಬಹಳ ಹೆಂಗಸರಿಗೆ ಆಗುತ್ತದೆ, ಎಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಬಿದ್ದದ್ದನ್ನು ಕೆಲವರ ಮೈ ಗುಡಿಸಿ ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ರಕ್ತಸಂಬಂಧವೂ ಇದೆ. ತಾಯಿಗೋ ಅಕ್ಕನಿಗೋ ಇದ್ದರೆ ತಂಗಿಗೂ ಬರುವುದು ಹೆಚ್ಚು. "ಖಾರ ತಿಂದದ್ದಕ್ಕಾ, ಭಾರ ಎತ್ತಿದ್ದಕ್ಕಾ, ಪಾಪಕ್ಕಾ?" ಎಂದೆ. ಪಾಪ ಎಂದಾಗ ಅವರು ನಗಲಿಲ್ಲ. ಯಾರು ಹಾಗೆ ಹೇಳಿದರು ಎಂದು ಕೇಳಿದರು. ನಿನ್ನ ವಿಷಯ ಹೇಳಿದೆ. ಗರ್ಭಚೀಲ ತೆಗೆದರೂ ಹೊರಗೆ ಬೆಳೆದದ್ದು ಹಾಗೇ ಉಳಿದರೆ ನೋವು ಹೋಗದೆ ಇರಬಹುದು, ಮೊದಲು ಒಮ್ಮೆ ಕರೆದುಕೊಂಡು ಬಾ, ನೋಡಿ ಹೇಳುತ್ತೇನೆ ಎಂದರು. ಪೂರ್ತಿ ಹೋಗುವ ಔಷಧ ಯಾರ ಹತ್ತಿರವೂ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಹಿಡಿತದಲ್ಲಿಡಲು ಮಾತ್ರೆ ಇದೆ, ಬೇಕಾದರೆ ಸಣ್ಣ ತೂತು ಮಾಡಿ ಒಳಗಿನದನ್ನು ತೆಗೆಯುವ ಆಪರೇಷನ್ ಇದೆ.

ಡಾಕ್ಟರ ಮಾತು ನೀನು ನಂಬುವುದಿಲ್ಲ, ನನಗೆ ಗೊತ್ತು. ಆದ್ದರಿಂದ ನನ್ನ ಹತ್ತಿರ ಇರುವ ಸಾಕ್ಷಿ ಹೇಳುತ್ತೇನೆ. ಹೇಳಲು ಚೆಂದ ಇಲ್ಲ.

ಕಾಕಾನ ಮನೆಯ ಮದುವೆಯಲ್ಲಿ ನಾನು ಹುಡುಗರನ್ನೆಲ್ಲ ಸೇರಿಸಿ ನಿನ್ನ ನಡಿಗೆ ಆಡಿ ತೋರಿಸಿದ್ದೆ. ಸೊಂಟ ಬಗ್ಗಿಸಿ, ಗೋಡೆ ಹಿಡಿದು, "ಅವ್ವಾ, ಹೊಟ್ಟಿ" ಎನ್ನುತ್ತ. ನೀನು ಬಾಗಿಲಲ್ಲಿ ನಿಂತು ನೋಡಿದೆ. ಆ ಮದುವೆಯ ಫೋಟೋದಲ್ಲಿ ನಾನು ಸಮವಸ್ತ್ರದಲ್ಲಿದ್ದೇನೆ, ಶಾಲೆಯಿಂದ ನೇರ ಬಂದಿದ್ದೆ, ಕೊರಳ ಕಾರ್ಡಿನಲ್ಲಿ ಮೂರನೇ ಕ್ಲಾಸು ಎಂದಿದೆ. ಮುನಿಗಳು ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಎರಡು ವರ್ಷ ಮೊದಲೇ ನೀನು ಗೋಡೆ ಹಿಡಿದು ನಡೆಯುತ್ತಿದ್ದೆ, ನಾನು ಅದನ್ನು ಆಡಿ ತೋರಿಸುತ್ತಿದ್ದೆ. ನೋವು ಮೊದಲು ಬಂತು ಅಕ್ಕಾ. ಮುನಿಗಳು ಆಮೇಲೆ ಬಂದರು.

ಕಿವಿಯಲ್ಲಿ ಹೇಳಬಹುದಿತ್ತು. ಹೌದು. ಕೂಗಿದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ ಎಂದು ಕೂಗಿದೆ. ಎಲ್ಲರೂ ನೋಡಿದರು. ನನಗೆ ಆಗ ಖುಷಿಯಾಗಿತ್ತು. ಹತ್ತು ವರ್ಷದವಳು ಎಂದು ನಾನು ತಪ್ಪಿಸಿಕೊಳ್ಳುವುದಿಲ್ಲ.

ನನ್ನನ್ನು ಎಷ್ಟು ಬೇಕಾದರೂ ದ್ವೇಷಿಸು. ಹದಿನೆಂಟನೇ ತಾರೀಖು ಮಾತ್ರ ಮುಂದೆ ಹಾಕು.

ಬೇಡಿಕೊಳ್ಳುತ್ತ,
ಸ್ನೇಹಲ


ಶೇಡಬಾಳ
2 ನವೆಂಬರ್ 2025

ಸ್ನೇಹಲ,

ಹದಿನೆಂಟಕ್ಕೆ ಆಪರೇಷನ್ ಆಯಿತು.

ನಿನ್ನ ಕವರ್ ಹದಿಮೂರಕ್ಕೇ ಬಂದಿತ್ತು. ಜಕ್ಕಪ್ಪ, "ಕೆಂಪಾಗ ಬರದಾರ ನೋಡ್ರಿ ವೈನಿ, ಅರ್ಜಂಟ್ ಐತಿ" ಎಂದು ಕೈಯಲ್ಲೇ ಕೊಟ್ಟ. ನಾನು ಅದನ್ನು ಜೋಳದ ಡಬ್ಬಿಯ ಅಡಿಗೆ ಹಾಕಿದೆ. ಐದು ದಿನ ಆ ಡಬ್ಬಿಯ ಮುಂದೆಯೇ ಓಡಾಡಿದೆ. ಒಡೆಯಲಿಲ್ಲ. ನಿನ್ನ ಮಾತು ಕೇಳದಿರುವುದು ನನ್ನ ಕೈಯಲ್ಲಿದ್ದ ಒಂದೇ ಅಧಿಕಾರ ಎನಿಸಿತ್ತು.

ಒಂದು ತಿಂಗಳು ಹಗುರಾಗಿತ್ತು. ಹೊಲಿಗೆಯ ನೋವು ಬಿಟ್ಟರೆ ಬೇರೇನೂ ಇರಲಿಲ್ಲ. ದೀಪಾವಳಿಗೆ ಕರ್ಚಿಕಾಯಿ ಮಾಡಿದೆ, ನಿಂತುಕೊಂಡೇ. ಕಳೆದ ಸೋಮವಾರ ತಿರುಗಿ ಬಂತು. ರಕ್ತ ಇಲ್ಲ, ಚೀಲವೇ ಇಲ್ಲ, ನೋವು ಮಾತ್ರ ಅದೇ ಜಾಗದಲ್ಲಿ, ಅದೇ ಹಲ್ಲುಗಳಿಂದ. ಅತ್ತೆ, "ಈಗೇನ ಇನ್ನ? ಚೀಲಾ ತಗದ ಮ್ಯಾಲೂ ಸೋಗ?" ಎಂದರು. ಆಗ ಎದ್ದು ಹೋಗಿ ಡಬ್ಬಿ ಸರಿಸಿದೆ.

ಮೂರು ಸಲ ಓದಿದೆ. ಮದುವೆಯ ಫೋಟೋ ನನ್ನ ಹತ್ತಿರವೂ ಇದೆ, ತೆಗೆದು ನೋಡಿದೆ. ನೀನು ಸಮವಸ್ತ್ರದಲ್ಲಿದ್ದೀಯ, ಹಲ್ಲು ಬಿಟ್ಟು ನಗುತ್ತಿದ್ದೀಯ. ನಾನು ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದೇನೆ.

ಹದಿನೈದು ವರ್ಷ ನಾನು ಬಸದಿಯಲ್ಲಿ ಮುನಿಗಳ ಕಡೆ ತಲೆ ಎತ್ತಿ ನೋಡಿಲ್ಲ. ಇದನ್ನು ನೀನು ಮೊದಲೇ ಹೇಳಬಹುದಿತ್ತು ಎಂದು ಬರೆಯಲು ಹೊರಟೆ. ನೀನು ಹೇಳಿದ್ದೆ, ನಾನು ಒಡೆಯಲಿಲ್ಲ. ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬರುತ್ತದೆ. ಏನು ಮಾಡಲಿ.

ಮಿರಜದ ಆ ಡಾಕ್ಟರ ಹತ್ತಿರ ನಾನು ಬರುತ್ತೇನೆ. ನಿನ್ನ ಸಲುವಾಗಿ ಅಲ್ಲ. ನನ್ನ ಮಗಳಿಗೆ ಒಂಬತ್ತು ನಡೆಯುತ್ತಿದೆ. ಮುಂದೆ ಆಕೆ ಹೊಟ್ಟೆ ಹಿಡಿದುಕೊಂಡರೆ ಏನು ಮಾಡಬೇಕು ಎಂದು ನಾನು ಈಗಲೇ ಕೇಳಿ ಇಟ್ಟುಕೊಳ್ಳಬೇಕು. ಯಾವ ದಿನ, ಎಷ್ಟು ಗಂಟೆ, ಅಷ್ಟೇ ಬರೆ. ಕ್ಷಮೆ ಕೇಳಬೇಡ, ಕೊಡಲು ನನ್ನ ಹತ್ತಿರ ಇಲ್ಲ. ಗಾಡಿಯಲ್ಲಿ ನನ್ನ ಮಗ್ಗುಲಿಗೆ ಕೂರಬೇಡ. ಮಾತಾಡಬೇಡ.

ತ್ರಿಶಲಾ


ರಾಯಬಾಗ
6 ನವೆಂಬರ್ 2025

ಅಕ್ಕಾ,

ಹನ್ನೊಂದನೇ ತಾರೀಖು, ಮಂಗಳವಾರ, ಹನ್ನೆರಡು ಗಂಟೆಗೆ. ಬೆಳಗಿನ ಪ್ಯಾಸೆಂಜರ್ ಗಾಡಿ. ನಿಪ್ಪಾಣಿಯ ಅಪೆಂಡಿಕ್ಸ್ ಕಾಗದ, ಈಗಿನ ಆಪರೇಷನ್ ಕಾಗದ, ಎರಡೂ ತಾ.

ಐದು ದಿನ ಜೋಳದ ಡಬ್ಬಿಯ ಅಡಿಗೆ ಇಟ್ಟೆಯಲ್ಲ! ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಸಂದೇಶ ಅಂಗಡಿಗೆ ಹೋಗದೆ ಮನೆಯಲ್ಲೇ ಕೂತ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಗ್ಗುಲಿಗೆ ಕೂರುವುದಿಲ್ಲ. ಮಾತಾಡುವುದಿಲ್ಲ. ಆದರೆ ಶೇಡಬಾಳದಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಪ್ಲಾಟ್‌ಫಾರ್ಮ್ ತಗ್ಗು, ಮೆಟ್ಟಿಲು ಎತ್ತರ, ನಿನ್ನ ಹೊಲಿಗೆ ಇನ್ನೂ ಹಸಿ. ನಾನು ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತು ಕೈ ಚಾಚಿರುತ್ತೇನೆ. ಹಿಡಿದು ಹತ್ತು. ಹತ್ತಿದ ಮೇಲೆ ಬಿಡು.

ಸ್ನೇಹಲ